ಕಾಶಿಯಿಂದ ಬಂದ ಮೇಕೆ

ಅಜ್ಜಂಪುರದ ನಂಜುಂಡಪ್ಪ ಕಾಶಿಯಾತ್ರೆ ಮುಗಿಸಿ ಹುಬ್ಬಳ್ಳಿ ಕಡೆಯ ರೈಲಿನಿಂದ ಇಳಿದಾಗ ಅವನ ತಲೆಯ ಮೇಲೆ ಕೂದಲಿರಲಿಲ್ಲ, ಮೂಗಿನ ಕೆಳಗೆ ಮೀಸೆಯಿರಲಿಲ್ಲ. ಬಲಗೈಯಲ್ಲಿ ಬಾಯಿಗೆ ಅರಗು ಹಾಕಿದ ತಾಮ್ರದ ಗಿಂಡಿಯಿತ್ತು. ಎಡಗೈಯಲ್ಲಿ ಹಗ್ಗ, ಹಗ್ಗದ ಕೊನೆಯಲ್ಲಿ ಒಂದು ಕಪ್ಪು ಮೇಕೆ.

ಮಹಾಯುದ್ಧ ಮುಗಿದು ಮೂರೋ ನಾಲ್ಕೋ ವರ್ಷವಾಗಿದ್ದ ಕಾಲ ಅದು. ಕಾಶಿಗೆ ಹೋಗಿ ಜೀವಸಹಿತ ಮರಳಿದವರೆಂದರೆ ಊರಿಗೆ ಊರೇ ಬಂದು ಕಾಲಿಗೆ ಬೀಳುತ್ತಿತ್ತು. ಸ್ಟೇಷನ್ನಿನಿಂದ ಮನೆಯವರೆಗೆ ವಾಲಗ ಊದಿಸಿದರು. ಹೆಂಡತಿ ಕಾಮಾಕ್ಷಮ್ಮ ಹೊಸಿಲಲ್ಲಿ ಗಂಡನ ಕಾಲು ತೊಳೆದಳು. ಅದು ಗಂಗೆಯ ದಡದಲ್ಲಿ ಸಾಧುವೊಬ್ಬ ಹರಸಿ ಕೊಟ್ಟ ಮೇಕೆ ಎಂದು ತಿಳಿದ ಮೇಲೆ ಅದರ ಕಾಲನ್ನೂ ತೊಳೆದಳು. ಮೇಕೆ ಅರಿಸಿನದ ನೀರನ್ನು ಮೂಸಿ ನೋಡಿ, ಬಾಗಿಲಿಗೆ ಕಟ್ಟಿದ್ದ ಮಾವಿನ ತೋರಣವನ್ನು ತಿನ್ನತೊಡಗಿತು. ಅದಕ್ಕೆ ಅಲ್ಲೇ ಗಂಗೆ ಎಂದು ಹೆಸರಿಟ್ಟರು.

"ಕಾಶೀಲಿ ಏನ್ ಬಿಟ್ಟು ಬಂದೆ ನಂಜುಂಡಪ್ಪ?" ಎಂದು ಎದುರು ಮನೆಯ ಬೆನಕಪ್ಪ ಕೇಳಿದ. ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ಕಾಯನ್ನೋ ಜೀವಮಾನಕ್ಕೆ ತೊರೆದು ಬರುವುದು ವಾಡಿಕೆ.

ನಂಜುಂಡಪ್ಪ ಒಂದು ಗಳಿಗೆ ಯೋಚಿಸಿ, "ಹಾಗಲಕಾಯಿ" ಎಂದ.

ಕಾಮಾಕ್ಷಮ್ಮ ತಲೆಯೆತ್ತಿ ನೋಡಿದಳು. ಮದುವೆಯಾದಾಗಿನಿಂದ ಈ ಮನುಷ್ಯ ಹಾಗಲಕಾಯಿಯನ್ನು ನಾಲಗೆಗೆ ಸೋಕಿಸಿದ್ದನ್ನೇ ಅವಳು ಕಂಡಿರಲಿಲ್ಲ. ಆದರೆ ಬೀದಿಯ ಜನವೆಲ್ಲ ಎದುರಿಗೆ ನಿಂತಿದ್ದರು; ಅವಳು ಆರತಿ ಎತ್ತಿದಳು.

ಮರುವಾರ ಗಂಗೆಪೂಜೆಯಾಯಿತು. ಬೀದಿಗೆಲ್ಲ ಹೋಳಿಗೆಯ ಊಟ. ಕಾಮಾಕ್ಷಮ್ಮನ ಅಣ್ಣ ಚನ್ನಬಸಪ್ಪ ಸಖರಾಯಪಟ್ಟಣದಿಂದ ಗಾಡಿಯಲ್ಲಿ ತೆಂಗಿನಕಾಯಿ ಹೇರಿಕೊಂಡು ಬಂದ. ಅವನು ದೊಡ್ಡ ತೋಟದ ಯಜಮಾನ. ತಾನು ಹೋಗದ ಕಾಶಿಗೆ ತಂಗಿಯ ಗಂಡ ಹೋಗಿಬಂದದ್ದು ಅವನಿಗೆ ಕೊಂಚ ಇರುಸುಮುರುಸಾಗಿತ್ತು. ಪುಣ್ಯದಲ್ಲಿ ತನ್ನ ಪಾಲು ತೆಗೆದುಕೊಳ್ಳುವವನಂತೆ ಗಂಗೆಯ ಹಾಲನ್ನು ಎರಡು ಲೋಟ ಕುಡಿದ. ನಂಜುಂಡಪ್ಪ ತಾನು ಕುಡಿಯುತ್ತಿದ್ದ ಹಾಗೆಯೇ ಹಸಿಹಾಲನ್ನು, ಕರೆದ ಬಿಸಿ ಆರುವ ಮೊದಲೇ ಕೊಡುತ್ತಿದ್ದ. ಜನ ಅದನ್ನು ಸಾಧುವಿನ ಅಪ್ಪಣೆ ಎಂದುಕೊಂಡರು. ಪಕ್ಕದ ಮನೆಯ ದ್ಯಾಮಮ್ಮ ಮೊಮ್ಮಗನಿಗೆಂದು ದಿನಾ ಒಂದು ಒಳಲೆ ಹಾಲು ಒಯ್ಯುತ್ತಿದ್ದಳು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದ ಮಗಳು ಶಕುಂತಲೆಗೆ ಕಾಮಾಕ್ಷಮ್ಮ ಬೆಳಿಗ್ಗೆಯ ಮೊದಲ ಲೋಟವನ್ನೇ ಮೀಸಲಿಟ್ಟಳು. ಚನ್ನಬಸಪ್ಪ ತಂಗಿಯ ಯೋಗಕ್ಷೇಮ ವಿಚಾರಿಸುವ ನೆವದಲ್ಲಿ ಪದೇ ಪದೇ ಬಂದು ಕುಡಿದು ಹೋಗುತ್ತಿದ್ದ.

ಇಷ್ಟರಲ್ಲಿ ನಂಜುಂಡಪ್ಪನಿಗೆ ಜ್ವರ ಹಿಡಿಯಿತು.

ಮೊದಲು ಎಲ್ಲರೂ ಚಳಿಜ್ವರ ಎಂದರು. ತರೀಕೆರೆ ಸೀಮೆಯಲ್ಲಿ ಅದಿಲ್ಲದ ಮನೆ ಯಾವುದು? ಕ್ವಿನೈನ್ ನುಂಗಿಸಿದರು. ಕಿವಿ ಗುಂಯ್ ಎಂದಿತೇ ಹೊರತು ಜ್ವರ ಇಳಿಯಲಿಲ್ಲ. ಆಮೇಲೆ ತಾನಾಗಿಯೇ ಇಳಿಯಿತು. ನಂಜುಂಡಪ್ಪ ಎದ್ದು ತೋಟಕ್ಕೆ ಹೋಗಿ ಬಂದ, ಮುದ್ದೆ ಉಂಡ, ಕಾಶಿಯ ಕಥೆ ಹೇಳಿದ. ವಾರ ಕಳೆಯುವುದರೊಳಗೆ ಮತ್ತೆ ಮಲಗಿದ. ಮತ್ತೆ ಎದ್ದ, ಮತ್ತೆ ಮಲಗಿದ. ಊರಿನ ಮಂತ್ರವಾದಿ ದೊಡ್ಡಬೀರಪ್ಪ ಬೇವಿನ ಸೊಪ್ಪಿನಿಂದ ನೀವಾಳಿಸಿ, ಕಾಶಿಯಿಂದ ಯಾವುದೋ ಗಾಳಿ ಬೆನ್ನಿಗೆ ಬಂದಿದೆ, ಅದಕ್ಕೆ ಕನ್ನಡ ಬಾರದಾದ್ದರಿಂದ ತನ್ನ ಮಂತ್ರ ತಾಗುತ್ತಿಲ್ಲ ಎಂದು ಕೈಚೆಲ್ಲಿದ.

"ಇನ್ನ ಕಾಯೋದ್ ಬ್ಯಾಡ" ಎಂದಳು ಕಾಮಾಕ್ಷಮ್ಮ. ಚನ್ನಬಸಪ್ಪನನ್ನು ಕರೆಸಿ, ಗಂಡನಿಗೆ ಕಂಬಳಿ ಹೊದಿಸಿ, ಬೀರೂರಿನಲ್ಲಿ ರೈಲು ಬದಲಿಸಿ ತರೀಕೆರೆ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿದ್ದ ಡಾಕ್ಟರ್ ಕೃಷ್ಣಸ್ವಾಮಿ ಯುದ್ಧದ ಕಾಲದಲ್ಲಿ ದಂಡಿನ ಜೊತೆ ಈಜಿಪ್ಟಿನಲ್ಲಿದ್ದು ಬಂದವರು. ಫಿರಂಗಿಯ ಸದ್ದಿಗೆ ಅವರ ಕಿವಿ ಮಂದವಾಗಿತ್ತು. ಆದ್ದರಿಂದ ತಾವೂ ಕೂಗಿಯೇ ಮಾತಾಡುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಚಳಿಜ್ವರದವರ ಗುಲ್ಮ ಒತ್ತಿ ನೋಡಿ ನೋಡಿ ಅವರಿಗೆ ಜೀವನವೇ ಸಪ್ಪೆಯಾಗಿ ಹೋಗಿತ್ತು.

"ಜ್ವರ ಯಾವಾಗ ಬರುತ್ತೆ?" ಎಂದು ತಲೆಯೆತ್ತದೆ ಕೇಳಿದರು.

"ಸಂಜಿಗೆ ಏರ್ತೈತೆ ಸ್ವಾಮಿ" ಎಂದಳು ಕಾಮಾಕ್ಷಮ್ಮ. "ಬೆಳಗಾಗೋ ಹೊತ್ಗೆ ಬೆವತು ನೀರಾಗ್ಬಿಡ್ತಾರೆ. ಹಿಂಗೇ ಒಂದಷ್ಟು ದಿನ. ಆಮ್ಯಾಕೆ ಏನೂ ಇಲ್ಲ, ಎದ್ದು ಓಡಾಡ್ತಾರೆ. ಹೋಯ್ತು ಪೀಡೆ ಅಂತ ದೀಪ ಹಚ್ಚಿದ್ರೆ ಮತ್ತೆ ಬಂದ್ಬಿಡ್ತೈತೆ."

"ಮೈಕೈ ನೋವು?"

"ಇವತ್ತು ಸೊಂಟ, ನಾಳೆ ಮಂಡಿ, ನಾಡಿದ್ದು ರಟ್ಟೆ. ನೋವೂ ಯಾತ್ರೆ ಹೊಂಟಂಗೆ ಮಾಡ್ತೈತೆ."

"ಚಳಿ ಬಂದು ಹಲ್ಲು ಕಟಕಟ ಅನ್ನುತ್ತೋ?"

"ಇಲ್ಲ ಸ್ವಾಮಿ. ಬೆವರೇ ಜಾಸ್ತಿ. ಆ ಬೆವರೋ, ಮಳೇಲಿ ನೆಂದ ಹುಲ್ಲಿನ ಮೆದೆ ನಾತ ಹೊಡೀತೈತೆ. ಬಟ್ಟೆ ಒಗ್ದೂ ಒಗ್ದೂ ನನ್ ಕೈ ಸವೀತು."

ಡಾಕ್ಟರರ ಲೇಖನಿ ನಿಂತಿತು. ನೆಂದ ಹುಲ್ಲಿನ ಆ ವಾಸನೆಯನ್ನು ಅವರು ಮರಳುಗಾಡಿನ ಗುಡಾರದ ಆಸ್ಪತ್ರೆಯಲ್ಲಿ ಮೂಸಿದ್ದರು. ಮಾಲ್ಟಾ ದ್ವೀಪದಿಂದ ಬಂದ ಸಿಪಾಯಿಗಳ ಹಾಸಿಗೆಗಳಲ್ಲಿ ಅದು ಅಡರಿರುತ್ತಿತ್ತು. ಅಲೆಯಂತೆ ಏರಿಳಿಯುವ ಜ್ವರ. ಜಾಗ ಬದಲಿಸುವ ನೋವು. ಕ್ವಿನೈನಿಗೆ ಕ್ಯಾರೇ ಅನ್ನದ ಹಟ. ಆಡಿನ ಹಸಿಹಾಲಿನಲ್ಲಿರುವ ಒಂದು ಕ್ರಿಮಿಯಿಂದ ಬರುವುದೆಂದು ಅಲ್ಲಿನ ದೊಡ್ಡ ಡಾಕ್ಟರುಗಳು ಹೇಳಿಕೊಟ್ಟಿದ್ದರು. ಅಂಥದೊಂದು ಜ್ವರ ಈಗ ಅಜ್ಜಂಪುರದ ಕಂಬಳಿ ಹೊದ್ದು ತಮ್ಮೆದುರು ಕೂತಿದೆಯೇ? ಕೃಷ್ಣಸ್ವಾಮಿಯವರಿಗೆ ಎಷ್ಟೋ ದಿನದ ಮೇಲೆ ಹುರುಪು ಬಂತು. ಹೆಂಡತಿಯನ್ನೂ ಭಾವಮೈದುನನನ್ನೂ ಹೊರಗಿನ ಬೆಂಚಿನ ಮೇಲೆ ಕೂರಿಸಿ, ರೋಗಿಯನ್ನು ಪರದೆಯ ಹಿಂದೆ ಮಲಗಿಸಿದರು.

"ಇತ್ತೀಚೆಗೆ ಊರು ಬಿಟ್ಟು ಎಲ್ಲಿಗಾದರೂ ಹೋಗಿದ್ದಿರಾ?"

"ಕಾಶಿಗೆ ಹೋಗಿದ್ದೆ ಸ್ವಾಮಿ."

"ಭೇಷ್! ಅಲ್ಲಿ ಏನು ಕುಡೀತಿದ್ರಿ?"

"ಗಂಗೆ ನೀರು."

"ಹಾಲು?"

ನಂಜುಂಡಪ್ಪ ಹುಷಾರಾದ. "ಹಸುವಿನ ಹಾಲು. ಚೆಂದಾಗಿ ಕಾಯ್ಸಿದ್ದು."

ಡಾಕ್ಟರು ನಿರಾಶೆಯಿಂದ ಮೂಗು ಉಜ್ಜಿಕೊಂಡರು. ಅವರೇ ತಮ್ಮ ತಾಯಿಯನ್ನು ಕಾಶಿಗೆ ಕರೆದುಕೊಂಡು ಹೋಗಿ ಬಂದವರು. ರೋಗಿಯ ಕಣ್ಣು ಪರದೆಯ ಮೇಲೆಯೇ ಓಡಾಡುತ್ತಿದ್ದುದನ್ನು ಗಮನಿಸಿ, ಹೊಟ್ಟೆ ಒತ್ತುತ್ತಾ ಲೋಕಾಭಿರಾಮವಾಗಿ ಕೇಳಿದರು: "ವಿಶ್ವನಾಥನ ಗುಡಿಗೆ ಬೆಟ್ಟ ಹತ್ತೋದು ನಿಮಗೆ ಕಷ್ಟ ಆಗಲಿಲ್ವೆ, ಈ ವಯಸ್ಸಿನಲ್ಲಿ?"

"ಆಯ್ತು ಸ್ವಾಮಿ. ದೊಡ್ ಬೆಟ್ಟ."

"ಮೇಲೆ ಗಾಳಿ ಚೆನ್ನಾಗಿರುತ್ತೆ."

"ಭಾರೀ ಗಾಳಿ. ನಿಲ್ಲೋಕೇ ಆಗಲ್ಲ."

"ಮೆಟ್ಟಿಲ ಹತ್ತಿರ ಒಂದು ಆನೆ ಕಟ್ಟಿರ್ತಾರೆ, ಇನ್ನೂ ಇದೆಯೋ?"

"ಐತೆ ಸ್ವಾಮಿ. ವಯಸ್ಸಾಗೈತೆ, ಪಾಪ."

ಕೃಷ್ಣಸ್ವಾಮಿ ಪಂಚೆ ಸಡಿಲಿಸಲು ಹೇಳಿ ಪರೀಕ್ಷೆ ಮುಂದುವರಿಸಿದರು. ಗಂಡಸರು ಬಾಯಿಬಿಟ್ಟು ಹೇಳಿಕೊಳ್ಳದ ಜಾಗದಲ್ಲಿ, ಒಂದು ಕಡೆ, ನಿಂಬೆಹಣ್ಣಿನಷ್ಟು ಊತವಿತ್ತು. ಮುಟ್ಟಿದರೆ ನಂಜುಂಡಪ್ಪ ಹಲ್ಲು ಕಚ್ಚಿದ. ಆ ಜ್ವರದಲ್ಲಿ ಇದೂ ಉಂಟೆಂದು ಡಾಕ್ಟರರಿಗೆ ಗೊತ್ತಿತ್ತು. ಆದರೆ ಇದಕ್ಕೆ ಬೇರೆ ಕಾರಣಗಳೂ ಉಂಟು. ಊರು ಬಿಟ್ಟು ಹೋಗಿ ಸುಳ್ಳು ಹೇಳುವ ಗಂಡಸರಲ್ಲಿ ಆ ಬೇರೆ ಕಾರಣವೇ ಹೆಚ್ಚು.

"ನಂಜುಂಡಪ್ಪನವರೇ" ಎಂದರು ತಮ್ಮ ಎಂದಿನ ಧ್ವನಿಯಲ್ಲಿ, "ಕಾಶಿಯಲ್ಲಿ ಬೆಟ್ಟ ಇಲ್ಲ. ನೀವು ಎಲ್ಲಿಗೆ ಹೋಗಿದ್ರಿ ಅನ್ನೋದು ನನಗೆ ಬೇಡ. ಬೀಜ ಹೀಗೆ ಊದಿದೆ. ಅಲ್ಲಿ ಯಾವಳಾದರೂ ಹೆಂಗಸಿನ ಸಹವಾಸ ಮಾಡಿದಿರಾ, ಅಷ್ಟು ಹೇಳಿ."

ಹೊರಗೆ ಬೆಂಚಿನ ಮೇಲೆ ಚನ್ನಬಸಪ್ಪನ ಕಿವಿ ನೆಟ್ಟಗಾಯಿತು. ಕಾಮಾಕ್ಷಮ್ಮ ನೀರು ಕುಡಿಯಲು ಬಾವಿಯ ಹತ್ತಿರ ಹೋಗಿದ್ದಳು. ಒಳಗಿನ ಉತ್ತರ ಅವನಿಗೆ ಕೇಳಿಸಲಿಲ್ಲ, ಏಕೆಂದರೆ ನಂಜುಂಡಪ್ಪ ಅದನ್ನು ಉಸಿರಿನಲ್ಲಿ ಹೇಳಿದ.

"ಸಹವಾಸ ಅಲ್ಲ ಸ್ವಾಮಿ. ನಾನೇ ಹೆಂಗಸಾಗಿದ್ದೆ."

ಡಾಕ್ಟರು ಕಿವಿಯನ್ನು ಹತ್ತಿರ ತಂದು ಮತ್ತೊಮ್ಮೆ ಹೇಳಿಸಿಕೊಂಡರು. ಆಮೇಲೆ ಸ್ಟೂಲು ಎಳೆದುಕೊಂಡು ಕೂತರು.

ನಂಜುಂಡಪ್ಪ ಎಲ್ಲವನ್ನೂ ಹೇಳಿಬಿಟ್ಟ. ಹಿಂದಿನ ವರ್ಷ ಕಡೂರಿಗೆ ಒಂದು ನಾಟಕ ಕಂಪನಿ ಬಂದಿತ್ತು. ಕೊಬ್ಬರಿ ಮಾರಲು ಹೋದವನು ಒಂದು ಆಟ ನೋಡಿದ. ಮಾರನೆಯ ದಿನ ಮಾರಲು ಏನೂ ಇಲ್ಲದಿದ್ದರೂ ಹೋದ. ಸಣ್ಣವನಿದ್ದಾಗಿನಿಂದ ಅವನಿಗೆ ಹಾಡಿನ ಹುಚ್ಚು. ಅಪ್ಪ ಬಾರುಕೋಲಿನಿಂದ ಬಿಡಿಸಿದ್ದರು. ಬಿಟ್ಟಿರಲಿಲ್ಲ ಅದು. ಮಗಳ ಮದುವೆಯಾಯಿತು, ತೋಟ ತನ್ನಷ್ಟಕ್ಕೆ ಕಾಯಿ ಬಿಡುತ್ತಿತ್ತು, ವಯಸ್ಸು ಐವತ್ತು ದಾಟಿತು. ಈಗಲ್ಲದಿದ್ದರೆ ಇನ್ನಿಲ್ಲ ಎನ್ನಿಸಿತು. ಕಂಪನಿಯ ಯಜಮಾನನ ಹತ್ತಿರ ಹೋಗಿ ಹಾಡಿ ತೋರಿಸಿದ. ರಾಜನ ಪಾತ್ರ ಕೊಟ್ಟಾನೆಂದು ಇವನ ಆಸೆ. ಯಜಮಾನ ಇವನ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಮೀಸೆ ತಗದ್ರ ರಾಜಮಾತೆ ಆಗಬಹುದು" ಎಂದ.

"ಮನೇಲಿ ಕಾಶಿ ಅಂದೆ. ಹಾವೇರಿ, ಸವಣೂರು, ಗದಗ ಸುತ್ತಿದೆ. ದಿನಾ ಮಗನ್ನ ಕಳ್ಕಂಡು ಅಳ್ತಿದ್ದೆ ಸ್ವಾಮಿ. ಜನಾನೂ ಅಳೋರು. ಒನ್ಸ್ ಮೋರ್ ಅಂದು ಮತ್ತೆ ಅಳಿಸೋರು." ಜ್ವರದಲ್ಲೂ ಅವನ ಮುಖ ಅರಳಿತು. "ಮಳೆ ಹಿಡೀತು, ಕಂಪನಿ ಮುಚ್ಚೋಯ್ತು. ಬಂದ್ಬಿಟ್ಟೆ."

"ಹಾಲು?" ಎಂದರು ಡಾಕ್ಟರು.

"ಗಂಟ್ಲಿಗೆ ಒಳ್ಳೇದು ಅಂತ ಯಜಮಾನ್ರು ಹೇಳಿದ್ರು. ಮೇಕೆ ಹಾಲು, ಹಸೀದು, ಕೆಚ್ಚಲಿಂದ ನೇರ ಚೆಂಬಿಗೆ. ದಿನಾ ಕುಡೀತಿದ್ದೆ."

ಡಾಕ್ಟರ್ ಕೃಷ್ಣಸ್ವಾಮಿ ತೊಡೆ ತಟ್ಟಿ ನಕ್ಕ ಸದ್ದು ಹೊರಗಿನ ಬೆಂಚಿಗೂ ಕೇಳಿಸಿತು. ಚನ್ನಬಸಪ್ಪನಿಗೆ ಅದರಿಂದ ಅನುಮಾನವೇ ಉಳಿಯಲಿಲ್ಲ. ಡಾಕ್ಟರು ರೋಗಿಯ ತೋಳಿನಿಂದ ರಕ್ತ ತೆಗೆದು, ಬೆಂಗಳೂರಿನ ಲ್ಯಾಬೊರೇಟರಿಗೆ ಕಳಿಸುವುದಾಗಿ ಹೇಳಿದರು. ಈ ಜ್ವರಕ್ಕೆ ಇಂಥದೇ ಎಂಬ ಔಷಧಿ ಇಲ್ಲ. ಹಾಸಿಗೆ, ಗಂಜಿ, ತಾಳ್ಮೆ, ಇವೇ. ಹೋಗುತ್ತೆ, ತಿಂಗಳುಗಟ್ಟಲೆ ಹಿಡಿದರೂ ಹೋಗುತ್ತೆ ಎಂದರು. ಆಮೇಲೆ ಏನೋ ನೆನಪಾದವರಂತೆ ಕೇಳಿದರು: "ಆ ಮೇಕೆ ಈಗೆಲ್ಲಿ?"

"ನಮ್ಮನೇಲೈತೆ."

ಡಾಕ್ಟರರ ನಗು ಹೋಯಿತು. "ಹಾಲು ಯಾರು ಕುಡೀತಾರೆ?"

ನಂಜುಂಡಪ್ಪ ಒಬ್ಬೊಬ್ಬರನ್ನೇ ಹೇಳುತ್ತಾ ಹೋದ. ಕೊನೆಗೆ ಶಕುಂತಲೆಯ ಹೆಸರು ಹೇಳಿ, ಅವಳೀಗ ಬಸುರಿ ಎಂದ. ಬಸುರಿ ಹೆಂಗಸರಿಗೆ ಈ ಜ್ವರ ಬಂದರೆ ಏನಾಗಬಹುದೆಂದು ಡಾಕ್ಟರು ಕೂಗದೆ, ಬಹಳ ಮೆಲ್ಲಗೆ ಹೇಳಿದರು. "ನಿಮ್ಮ ಗುಟ್ಟನ್ನು ನಾನು ಯಾರಿಗೂ ಹೇಳೋದಿಲ್ಲ. ಆದರೆ ಇವತ್ತಿನಿಂದ ಒಂದು ತೊಟ್ಟು ಹಸಿಹಾಲು ಯಾರ ಬಾಯಿಗೂ ಹೋಗಬಾರದು. ಹೇಗೆ ಮಾಡ್ತೀರೋ ಮಾಡಿ."

ಬೀರೂರಿನಲ್ಲಿ ರೈಲು ಬದಲಿಸಬೇಕಿತ್ತು. ಚನ್ನಬಸಪ್ಪ ಕಡೂರಿನ ಕಡೆಗೆ ಹೋಗುವವನು. ತನ್ನ ಗಾಡಿ ಹತ್ತುವ ಮೊದಲು ತಂಗಿಯನ್ನು ನೀರಿನ ತೊಟ್ಟಿಯ ಬಳಿಗೆ ಕರೆದು, ತಲೆ ತಗ್ಗಿಸಿ, ಏನೋ ಹೇಳಿ, ಭಾವನ ಮುಖವನ್ನೂ ನೋಡದೆ ಹೊರಟುಹೋದ.

ಕಾಮಾಕ್ಷಮ್ಮ ಬಂದು ಬೆಂಚಿನ ಆ ತುದಿಯಲ್ಲಿ ಕೂತಳು. ಎಲೆ ಮಡಿಸಿ ಬಾಯಿಗಿಟ್ಟುಕೊಂಡಳು. ಜಗಿಯಲಿಲ್ಲ.

"ಅಣ್ಣ ಏನೋ ಅಂದ. ಯಾವಳೋ ಹೆಂಗಸಂತೆ."

"ಹೆಂಗಸು ನಾನೇ ಕಣೇ" ಎಂದ ನಂಜುಂಡಪ್ಪ. ಅಂದು ಎರಡನೆಯ ಬಾರಿ ಎಲ್ಲವನ್ನೂ ಹೇಳಿದ. ಈ ಸಲ ಮುಖ ಅರಳಲಿಲ್ಲ.

ಅವಳು ಹಳಿಗಳನ್ನೇ ನೋಡುತ್ತಾ ಕೇಳಿದಳು. ಅವನು ಮುಗಿಸಿದ ಮೇಲೆ, "ಅದಕ್ಕೇ" ಎಂದಳು. "ಮೊನ್ನೆ ನನ್ ಸೀರೆ ಮಡಿಸಿಟ್ಟಾಗ ನೆರಿಗೆ ಅಷ್ಟು ಓರಣವಾಗಿ ಕೂತಿತ್ತು. ಕಾಶೀಲಿ ಇದ್ನೂ ಕಲಿಸ್ತಾರಾ ಅಂದ್ಕಂಡೆ."

"ತಪ್ಪಾಯ್ತು ಕಾಮಾಕ್ಷಿ."

"ಗಿಂಡಿ ನೀರು?"

"ಹರಿಹರದ್ದು. ಹೊಳೇಲಿ ತುಂಬಿಸ್ಕಂಡೆ."

"ಬೆನಕಪ್ಪನ ತಾಯಿ ಪ್ರಾಣ ಬಿಡೋವಾಗ ಬಾಯಿಗೆ ಬಿಟ್ವಲ್ರೀ! ಆ ಮುದುಕಿ ಸ್ವರ್ಗದ ಬಾಗ್ಲಾಗೆ ನಿಂತ್ಕಂಡು ಏನ್ ಉತ್ರ ಕೊಡ್ತಾಳೆ?"

"ತುಂಗಭದ್ರೆನೂ ಪುಣ್ಯದ ಹೊಳೆನೇ ಕಣೇ" ಎಂದ ಅವನು ಕ್ಷೀಣವಾಗಿ.

ಕಾಮಾಕ್ಷಮ್ಮನಿಗೆ ನಗು ಬಂತೋ ಅಳು ಬಂತೋ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಗ ಅವನು ಮೇಕೆಯ ಹಾಲಿನ ಮಾತು ಹೇಳಿದ. ಸೆರಗು ಕೆಳಗೆ ಬಿತ್ತು.

"ಶಕುಂತ್ಲ ದಿನಾ ಕುಡೀತಾವ್ಳೆ" ಎಂದಳು. "ನನ್ ಕೈಯಾರೆ ಕೊಟ್ಟೀನಿ. ಬ್ಯಾಡ ಅಂದ್ರೂ ಗದರ್ಸಿ ಕೊಟ್ಟೀನಿ." ನಂಜುಂಡಪ್ಪ ಅವಳ ಕೈ ಹಿಡಿಯಲು ಹೋದ; ಅವಳು ಕೊಡವಿದಳು.

ಮನೆಗೆ ಬಂದವಳೇ ಮಗಳ ಹಣೆ, ಕತ್ತು, ಬೆನ್ನು ಮುಟ್ಟಿ ಮುಟ್ಟಿ ನೋಡಿದಳು. "ಮೈ ಬಿಸಿ ಐತಾ? ಸೊಂಟ ನೋಯ್ತದಾ? ಆ ಮೇಕೆ ಹಾಲು ಇನ್ನ ಬ್ಯಾಡ ಮಗಾ, ಮುಟ್ಬ್ಯಾಡ" ಎಂದಾಗ ಶಕುಂತಲೆ ಅಪ್ಪನ ಮುಖ, ಅವ್ವನ ಮುಖ ನೋಡಿ ಅಳುವ ಹಾಗಾದಳು.

"ಗೊತ್ತಾಗ್ಬಿಡ್ತಾ? ಬೈಬ್ಯಾಡ ಕಣವ್ವ. ಆ ನಾತಕ್ಕೆ ವಾಂತಿ ಬರೋ ಹಂಗಾಗೋದು. ನೀನ್ ಆ ಕಡೆ ತಿರುಗ್ತಿದ್ದಂಗೆ ತೊಂಡೆಬಳ್ಳಿ ಬುಡಕ್ಕೆ ಸುರೀತಿದ್ದೆ. ಒಂದಿನಾನೂ ಕುಡ್ದಿಲ್ಲ."

ಕಾಮಾಕ್ಷಮ್ಮ ಮಗಳನ್ನು ಅಪ್ಪಿಕೊಂಡು ಅತ್ತ ಸದ್ದಿಗೆ ಮೇಕೆಯೂ ಹಿತ್ತಲಿನಿಂದ ದನಿಗೂಡಿಸಿತು.

ನಂಜುಂಡಪ್ಪ ಜಗಲಿಯ ಕಂಬಕ್ಕೆ ಒರಗಿ, "ಬೀದಿಯೋರ್ನೆಲ್ಲ ಕರಿ, ಹೇಳ್ಬಿಡ್ತೀನಿ. ಉಗೀಲಿ. ಮಿಕ್ಕೋರ ಮಕ್ಳೂ ಮಕ್ಳೇ" ಎಂದ. ಅವನು ನಿಜವಾಗಿಯೂ ಸಿದ್ಧನಾಗಿದ್ದ.

ಕಾಮಾಕ್ಷಮ್ಮ ಕಣ್ಣು ಒರೆಸಿಕೊಂಡು ಯೋಚಿಸಿದಳು. ಗಂಡ ಕಾಶಿಗೆ ಹೋಗಿಬಂದ ಮೇಲೆ ಮದುವೆ ಮುಂಜಿಯ ಮನೆಗಳಲ್ಲಿ ಅವಳಿಗೇ ಮೊದಲ ಕುಂಕುಮ, ಅವಳಿಗೇ ಗೋಡೆಗೆ ಒರಗುವ ಜಾಗ. ಡಾಕ್ಟರು ಹಾಲಿನಲ್ಲಿ ಕ್ರಿಮಿ ಇದೆ ಎಂದರೆಂದು ಹೇಳಿದರೆ ದ್ಯಾಮಮ್ಮ ನಂಬುವಳೇ? ಇಂಗ್ಲಿಷ್ ಔಷಧಿಯವರಿಗೆ ದೇವರೆಂದರೆ ಹೊಟ್ಟೆಕಿಚ್ಚು ಎಂದು ಇನ್ನೊಂದು ಒಳಲೆ ಜಾಸ್ತಿಯೇ ಕುಡಿಸುವಳು.

"ನೀವು ಸುಮ್ಕೆ ಮಲಿಕ್ಕಳಿ" ಎಂದಳು. "ಹೆಂಗಸಿನ ಪಾತ್ರ ಇನ್ನ ನನಗೆ ಬಿಡಿ."

ಮರುದಿನ ಬೆಳಿಗ್ಗೆ ಒಳಲೆ ಹಿಡಿದು ಬಂದ ದ್ಯಾಮಮ್ಮನಿಗೆ ಕಾಮಾಕ್ಷಮ್ಮ ಕೆದರಿದ ತಲೆಯಲ್ಲಿ ಬಾಗಿಲಿಗೆ ಅಡ್ಡ ನಿಂತು ಹೇಳಿದಳು: "ಅಯ್ಯೋ ದ್ಯಾಮಮ್ಮಾ, ಗಂಗಮ್ಮ ಕನಸ್ನಾಗೆ ಬಂದಿದ್ಲು ಕಣೇ! ಕಣ್ಣು ಕೆಂಡ. 'ರೈಲಿನ ಮೈಲಿಗೇಲಿ ಬಂದೀನಿ, ನನ್ ಹಾಲು ಹಂಗೇ ಕುಡಿದ್ರಲ್ಲ, ಅದಕ್ಕೇ ನಿನ್ ಗಂಡನ್ನ ಮಲಗ್ಸಿರೋದು' ಅಂದ್ಲು. ಮೂರು ಸಲ ಉಕ್ಕು ಬರ್ಬೇಕಂತೆ, ಪತ್ರೆ ಹಾಕ್ಬೇಕಂತೆ. ಕೆಚ್ಚಲು ಮುಟ್ಟಿದ ಕೈನ ಸೀಗೆಪುಡೀಲಿ ತೊಳೀಬೇಕಂತೆ."

ಮಧ್ಯಾಹ್ನದೊಳಗೆ ಈ ಕನಸು ಊರ ಮೇಲಿನ ಕೇರಿಯಿಂದ ಕೆಳಗಿನ ಕೇರಿಗೆ ತಲುಪಿತು. ದಾರಿಯಲ್ಲಿ ಅದು ಬೆಳೆಯಿತು ಕೂಡ. ಸಂಜೆಗೆ ಜನ ಹಸುವಿನ ಹಾಲು, ಎಮ್ಮೆಯ ಹಾಲನ್ನೂ ಮೂರು ಸಲ ಉಕ್ಕಿಸತೊಡಗಿದರು. ಬೆನಕಪ್ಪನಂತೂ ಎಳನೀರನ್ನೂ ಕಾಯಿಸಿದ.

ಸ್ವಲ್ಪ ದಿನಕ್ಕೆ ಡಾಕ್ಟರ್ ಕೃಷ್ಣಸ್ವಾಮಿ ಸಿಡುಬಿನ ದಾಕು ಹಾಕುವ ನೆವ ಮಾಡಿಕೊಂಡು ಬಂದು, ಹಾಲು ಕುಡಿದವರನ್ನೆಲ್ಲ ನೋಡಿ ಹೋದರು. ಬೆಂಗಳೂರಿನಿಂದ ಉತ್ತರ ಬಂದಿತ್ತು: ರಕ್ತ ಅದೇ ಜ್ವರದ್ದೆಂದು ಹೇಳಿತ್ತು. ದ್ಯಾಮಮ್ಮನ ಮೊಮ್ಮಗನಿಗೆ ಕೊಂಚ ಮೈ ಬೆಚ್ಚಗಿದ್ದು, ಬಿಟ್ಟಿತು. ಉಳಿದವರೆಲ್ಲ ಪಾರು. ಎಲ್ಲರಿಗಿಂತ ಹೆಚ್ಚು ಪುಣ್ಯ ಕುಡಿದವನು ಮಾತ್ರ ಈ ಊರಿನವನಾಗಿರಲಿಲ್ಲ.

ಸಖರಾಯಪಟ್ಟಣದಲ್ಲಿ ಚನ್ನಬಸಪ್ಪ ಮಲಗಿದ. ಸಂಜೆಗೆ ಜ್ವರ, ಬೆಳಗಿಗೆ ಬೆವರು, ಇವತ್ತು ಸೊಂಟ, ನಾಳೆ ಮಂಡಿ. ಅಷ್ಟರವರೆಗೆ ಅವನ ಹೆಂಡತಿ ಮೀನಾಕ್ಷಮ್ಮ ಕಷಾಯ ಕೊಟ್ಟಳು, ಕಾಲು ಒತ್ತಿದಳು. ಆಮೇಲೊಂದು ದಿನ ಅವನು ನಡೆಯುವ ರೀತಿ ನೋಡಿ ಅವಳಿಗೆ ಅನುಮಾನ ಬಂತು. ಬಾಗಿಲು ಹಾಕಿಕೊಂಡು ವಿಚಾರಿಸಿದಳು. ಭಾವನಿಗೆ ಎಲ್ಲಿ ಊದಿತ್ತು, ಡಾಕ್ಟರು ಏನು ಕೇಳಿದರು, ಅದರ ಅರ್ಥವೇನು ಎಂಬುದನ್ನೆಲ್ಲ ಅವಳಿಗೆ ಬಣ್ಣ ಕಟ್ಟಿ ಹೇಳಿದ್ದವನು ಚನ್ನಬಸಪ್ಪನೇ.

"ನಂಜುಂಡಪ್ಪಣ್ಣ ಕಾಶಿ ಅಂತಾದ್ರೂ ಹೇಳಿ ಹೋಗಿದ್ರು" ಎಂದಳು ಅವಳು. "ನೀವೆಲ್ಲಿಗ್ ಹೋಗಿದ್ರಿ?"

"ಅಜ್ಜಂಪುರಕ್ಕೆ ಕಣೇ. ತಂಗಿ ಮನೆಗೆ. ದೇವರಾಣೆ."

"ವಾರಕ್ಕೊಂದಪ ಗಾಡಿ ಕಟ್ಕಂಡು ಓಡ್ತಿದ್ದದ್ದು ತಂಗಿ ಮ್ಯಾಲಿನ ಅಕ್ಕರೆ ಅಂತ ನಾನೂ ನಂಬಿದ್ದೆ!"

ಚನ್ನಬಸಪ್ಪನ ಹಾಸಿಗೆ ಜಗಲಿಗೆ ಬಂತು. ಗಂಜಿ ಬಾಗಿಲ ಸಂದಿಯಿಂದ ಬರತೊಡಗಿತು. ಬೇರೆ ದಾರಿ ಕಾಣದೆ ಅವನು ಆಳಿನ ಮೂಲಕ ತಂಗಿಗೆ ಹೇಳಿ ಕಳಿಸಿದ. ಕಾಮಾಕ್ಷಮ್ಮ ಬರುವುದಾಗಿ ಹೇಳಿ, ಬೇಕೆಂತಲೇ ಒಂದು ವಾರ ತಡ ಮಾಡಿದಳು. ತಾನು ಬೀರೂರಿನ ಬೆಂಚಿನ ಮೇಲೆ ಎಲೆಯನ್ನು ಜಗಿಯದೆ ಕೂತಿದ್ದ ಹೊತ್ತಿಗೆ ಅಷ್ಟಾದರೂ ಸಲ್ಲಬೇಕೆಂದು ಅವಳ ಲೆಕ್ಕ. ಆಮೇಲೆ ಹೋಗಿ, ಡಾಕ್ಟರನ್ನೂ ಕರೆಸಿ, ಇಬ್ಬರಿಗೂ ಇದು ಮೇಕೆಯ ಹಸಿಹಾಲಿನಿಂದಲೇ ಬಂದ ಜ್ವರವೆಂದು ಅತ್ತಿಗೆಗೆ ಖಾತರಿ ಮಾಡಿಸಿದಳು. ಡಾಕ್ಟರು ಅದನ್ನು ಎಷ್ಟು ಗಟ್ಟಿಯಾಗಿ ಹೇಳಿದರೆಂದರೆ, ಸಂತೆಗೆ ಬಂದವರೆಲ್ಲ ನಿಂತು ಕೇಳಿದರು. ಯಾವ ಜಾಗ ಊದಿದೆ ಎಂಬುದನ್ನೂ ಸೇರಿಸಿ.

ಶ್ರಾವಣ ಕಳೆದ ಮೇಲೆ ಲ್ಯಾಬೊರೇಟರಿಯವರು ಗಂಗೆಯನ್ನೇ ನೋಡಬೇಕೆಂದು ಬೆಂಗಳೂರಿನಿಂದ ಇಬ್ಬರನ್ನು ಕಳಿಸಿದರು. ಖಾಕಿ ಉಡುಪಿನವರು ಬಂದು ಮೇಕೆಯನ್ನು ಒಯ್ಯುತ್ತಾರೆಂದರೆ ಅದು ಅರಮನೆಯ ಅಪ್ಪಣೆಯೇ ಎಂದು ಊರು ತೀರ್ಮಾನಿಸಿತು. ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಸೇವಂತಿಗೆ ಹಾರ ಹಾಕಿ, ಸ್ಟೇಷನ್ನಿನವರೆಗೆ ಮೆರವಣಿಗೆ ಮಾಡಿದರು. ನಂಜುಂಡಪ್ಪ ಕೋಲೂರಿಕೊಂಡು ಹೋಗಿ ಅದರ ಕೊರಳು ತಡವಿದ. ಅವನ ಕಂಠವನ್ನು ಕಾಪಾಡಿದ್ದೂ ಅದೇ, ಸೊಂಟ ಮುರಿದದ್ದೂ ಅದೇ. ಗಾರ್ಡು ಹಸಿರು ಬಾವುಟ ಬೀಸಿದ. ಗಂಗೆ ಅದಕ್ಕೂ ಬಾಯಿ ಹಾಕಲು ನೋಡಿತು.

ನವರಾತ್ರಿಯಲ್ಲಿ ಶಕುಂತಲೆಗೆ ಹೆಣ್ಣು ಮಗುವಾಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ನಂಜುಂಡಪ್ಪನ ಜ್ವರವೂ ಸಣ್ಣ ಸಣ್ಣ ಅಲೆಯಾಗಿ, ಕೊನೆಗೆ ಬಾರದೆ ಹೋಯಿತು. ಮೀಸೆ ಮತ್ತೆ ಬೆಳೆಯಿತು, ಅರ್ಧ ಬಿಳಿಯಾಗಿ.

ಬಾಣಂತಿ ಮಲಗಿದ್ದ ಒಂದು ಮಧ್ಯಾಹ್ನ ಕಾಮಾಕ್ಷಮ್ಮ ಬೀದಿಬಾಗಿಲಿಗೆ ಅಗಳಿ ಹಾಕಿ, ಹಿತ್ತಲಿಗೆ ಬಂದು, ತನ್ನ ಧಾರೆ ಸೀರೆಯನ್ನು ಗಂಡನ ಮಡಿಲಿಗೆ ಹಾಕಿದಳು.

"ಉಟ್ಕಳಿ."

"ಏನೇ ಇದು?"

"ಊರೂರಿಗೆ ತೋರ್ಸಿದ್ರಲ್ಲ. ನನಗೊಂದಪ ತೋರ್ಸಿ."

ಅವನು ನಾಚಿಕೊಂಡ, ಮೀಸೆ ಇದೆ ಎಂದ. ಅವಳು ಕೇಳಲಿಲ್ಲ. ಕೊನೆಗೆ ಉಟ್ಟ, ನೆರಿಗೆ ಅವಳಿಗಿಂತ ಓರಣವಾಗಿ ಬಂತು. ತೊಂಡೆಚಪ್ಪರದ ಕೆಳಗೆ ನಿಂತು ರಾಜಮಾತೆಯ ಹಾಡು ಎತ್ತಿದ. ಜ್ವರ ತಿಂದ ದೇಹದಿಂದ ಇಂಥ ದನಿ ಬರುತ್ತದೆಂದು ಕಾಮಾಕ್ಷಮ್ಮ ಎಣಿಸಿರಲಿಲ್ಲ. ಹಾಡು ಮುಗಿಸಿ, ಸತ್ತ ಮಗನ ಹೆಸರು ಕೂಗಿ, ಎದೆ ಬಡಿದುಕೊಂಡು, ಸೆರಗು ಕಣ್ಣಿಗೊತ್ತಿ ಅವನು ನೆಲಕ್ಕೆ ಕುಸಿದ. ಅವಳು ಮೊದಲು ನಕ್ಕಳು. ಆಮೇಲೆ ತಲೆ ಆಡಿಸಿದಳು.

"ತಾಯಿ ಹಂಗೆ ಅಳಲ್ಲ" ಎಂದಳು.

"ಮತ್ತೆ ಹೆಂಗೆ?"

ಶಕುಂತಲೆಗಿಂತ ಮೊದಲು ಹುಟ್ಟಿದ ಗಂಡುಮಗು ವರ್ಷ ತುಂಬುವ ಮೊದಲೇ ಹೋಗಿತ್ತು. ಅದರ ಮಾತನ್ನು ಅವರಿಬ್ಬರೂ ಎಂದೂ ಆಡಿರಲಿಲ್ಲ. ಕಾಮಾಕ್ಷಮ್ಮ ಪಕ್ಕದಲ್ಲಿದ್ದ ಮೊರವನ್ನು ಎತ್ತಿಕೊಂಡಳು. ರಾಗಿ ಕೇರತೊಡಗಿದಳು. ಕೇರುತ್ತಾ ಒಮ್ಮೆ ಕೈ ನಿಂತಿತು. ಏನೋ ಕೇಳಿಸಿದಂತೆ ಒಳಮನೆಯ ಕಡೆಗೆ ಕತ್ತು ತಿರುಗಿಸಿದಳು. ಅಲ್ಲಿ ಆ ಮಗು ಇಲ್ಲವೆಂದು ನೆನಪಾದವಳಂತೆ ಮತ್ತೆ ಕೇರತೊಡಗಿದಳು. ಅಷ್ಟೇ.

ನಂಜುಂಡಪ್ಪ ನೋಡುತ್ತಾ ನಿಂತ. ಆಮೇಲೆ ಅವನು ಅತ್ತ ಅಳು ಯಾವ ಪಾತ್ರದ್ದೂ ಆಗಿರಲಿಲ್ಲ. ತಡೆಯಲಾರದೆ ಗಟ್ಟಿಯಾಗಿಯೇ ಅತ್ತ.

ಆ ಗೋಳಾಟ ಬೀದಿಗೆ ಕೇಳಿಸಿತು. ಕಾಶಿಗೆ ಹೋಗಿಬಂದ ನಂಜುಂಡಪ್ಪ ಕೊನೆಗೂ ಹೊರಟನೆಂದು ದ್ಯಾಮಮ್ಮ ಬಾಯಿ ಬಡಿದುಕೊಂಡು ಓಡಿ ಬಂದಳು. ಬೀದಿಬಾಗಿಲು ತೆರೆಯದಿದ್ದಾಗ ಬೆನಕಪ್ಪನನ್ನೂ ಕರೆದುಕೊಂಡು ಹಿತ್ತಲ ಬೇಲಿ ದಾಟಿದಳು. ಇಬ್ಬರೂ ಅಲ್ಲೇ ಕಲ್ಲಾದರು. ಧಾರೆ ಸೀರೆ ಉಟ್ಟು, ಮೀಸೆ ಹೊತ್ತು, ನಂಜುಂಡಪ್ಪ ಹೆಂಡತಿಯ ಹೆಗಲ ಮೇಲೆ ತಲೆಯಿಟ್ಟು ಬಿಕ್ಕುತ್ತಿದ್ದ.

ಕಾಮಾಕ್ಷಮ್ಮ ಮೊರವನ್ನು ಕೆಳಗಿಟ್ಟಳು. ಕಣ್ಣು ಒದ್ದೆಯಾಗಿದ್ದರೂ ಮುಖ ಗಂಭೀರವಾಗಿತ್ತು.

"ಕಾಶೀಲಿ ಹೇಳ್ಕೊಟ್ಟ ವ್ರತ ಕಣೇ" ಎಂದಳು. "ಗಂಡಸು ವರ್ಷಕ್ಕೊಂದು ಮಧ್ಯಾಹ್ನ ಹೆಂಡತಿ ಸೀರೆ ಉಟ್ಟು ಮನಸಾರೆ ಅಳ್ಬೇಕು. ಮನೇಗೆ ಒಳ್ಳೇದಾಗ್ತೈತೆ."

ದ್ಯಾಮಮ್ಮ ಭಕ್ತಿಯಿಂದ ಕೈ ಮುಗಿದಳು. ಬೆನಕಪ್ಪ ಮೆಲ್ಲಗೆ ಬೇಲಿಯ ಕಡೆಗೆ ಹಿಂದೆ ಸರಿಯತೊಡಗಿದ್ದ. ಆದರೆ ಆ ಹೊತ್ತಿಗಾಗಲೇ ಅವನ ಹೆಂಡತಿ ಯಲ್ಲಮ್ಮ ಬೇಲಿಯಾಚೆ ಬಂದು ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.